ಮೀನಿನ ಬೈಕಿಗೊಂದು ಆರು ವೋಲ್ಟಿನ ರಿಲೇ

ಆ ಬೈಕು ನನ್ನ ಅಂಗಡಿಗೆ ಬಂದ ದಿನ ಅದರ ಹಾರ್ನು ಕೂಗುತ್ತಿರಲಿಲ್ಲ, ಕೆಮ್ಮುತ್ತಿತ್ತು. ಸಾಸ್ತಾನದ ಹೈವೇ ಬದಿಯಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ. ಆಗ ಟೋಲ್ ಗೇಟು ಇರಲಿಲ್ಲ, ಹೈವೇ ಎಂದರೆ ಎರಡು ಲಾರಿ ಎದುರುಬದುರಾದರೆ ಒಂದು ಮಣ್ಣಿಗೆ ಇಳಿಯಬೇಕಾದ ರಸ್ತೆ. ಬೈಕಿನ ಯಜಮಾನರು ಹಂಗಾರಕಟ್ಟೆಯವರು, ಐವತ್ತು ದಾಟಿದವರು. ಬೆಳಿಗ್ಗೆ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಕೊಂಡು, ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದ ಪೆಟ್ಟಿಗೆಗೆ ಐಸಿನ ಜೊತೆ ತುಂಬಿ, ಸಾಸ್ತಾನದಿಂದ ಮೂಡು ದಿಕ್ಕಿನ ಹಳ್ಳಿಗಳಲ್ಲಿ ಮಾರುತ್ತಿದ್ದರು. ಎಲ್ಲರೂ ಅವರನ್ನು ಮೀನಿನಣ್ಣ ಎನ್ನುತ್ತಿದ್ದರು. ನಾನೂ ಹಾಗೇ ಎನ್ನುತ್ತೇನೆ.

"ಹ್ವಾಯ್, ಇದಕ್ಕೊಂದ್ ಗತಿ ಕಾಣ್ಸಿ ಮಾರಾಯ್ರೇ," ಎಂದರು ಮೀನಿನಣ್ಣ. "ಹಾರ್ನ್ ಕೂಗ್ದಿರೆ ನನ್ ಲೈನ್ ಹೋಯ್ತ್."

ಲೈನು ಎಂದರೆ ಅವರು ದಿನಾ ಹೋಗುವ ದಾರಿ, ಆ ದಾರಿಯ ಮನೆಗಳು. ನಮ್ಮ ಕಡೆ ಮೀನಿನ ಗಾಡಿಗಳಿಗೆ ಒಂದೊಂದಕ್ಕೆ ಒಂದೊಂದು ಕೂಗು. ಮೀನಿನಣ್ಣನದು ಎರಡು ಗಿಡ್ಡ, ಒಂದು ಉದ್ದ. ಒಳಗೆ ಮಸಾಲೆ ಕಡೆಯುತ್ತಿದ್ದವರಿಗೂ ಅದು ಕೇಳಿದರೆ ಸಾಕು, ಕೈ ತೊಳೆದು ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದರು. ಹದಿನೈದು ವರ್ಷ ತಿರುಗಿ ಮಾಡಿಕೊಂಡ ಲೈನು ಅದು. ಆ ತಿಂಗಳಿನಿಂದ ಹೊಸಬನೊಬ್ಬ ಹೊಸ ಬೈಕು, ಕಿವಿ ಹರಿಯುವ ಹಾರ್ನು ಇಟ್ಟುಕೊಂಡು ಅದೇ ದಾರಿಯಲ್ಲಿ ಅರ್ಧ ಗಂಟೆ ಮೊದಲೇ ಹೋಗತೊಡಗಿದ್ದ.

"ಅವ್ನ್ ಮೇಲೆ ನಂಗೆ ಸಿಟ್ಟಿಲ್ಲೆ, ಅವ್ನಿಗೂ ಹೊಟ್ಟಿ ಇತ್ತಲೆ," ಎಂದರು. "ಆರೆ ನಾ ಬಂದದ್ದೇ ಯಾರ್ಗೂ ಗೊತ್ತಾತ್ತಿಲ್ಲೆ ಅಂದ್ರೆ ಹ್ಯಾಂಗೆ?"

ಹಿಂದೆ ಅವರೂ ದೋಣಿಗೆ ಹೋಗುತ್ತಿದ್ದವರೇ. ಬಲೆ ಎಳೆಯುವಾಗ ಬಲಭುಜ ಜಾರಿದ ಮೇಲೆ ಅದು ನಿಂತಿತು. ಲೈನು ಹೋದರೆ ಬೇರೆ ದಾರಿ ಇರಲಿಲ್ಲ.

ಸೀಟು ಬಿಚ್ಚಿದೆ. ಬ್ಯಾಟರಿಯ ಪಕ್ಕದಲ್ಲಿ ತುಕ್ಕಿನ ಒಂದು ಉಂಡೆ ಕೂತಿತ್ತು. ಹಿಂದೆ ಯಾರೋ ಮೆಕ್ಯಾನಿಕ್ ಹಾಕಿದ್ದ ಹಾರ್ನಿನ ರಿಲೇ ಅದು. ರಿಲೇ ಎಂದರೆ ದೊಡ್ಡ ವಿದ್ಯೆ ಏನಲ್ಲ. ತಂತಿ ಸುತ್ತಿದ ಒಂದು ಕಾಯಿಲು, ಅದಕ್ಕೆ ಸ್ವಲ್ಪ ಕರೆಂಟು ಕೊಟ್ಟರೆ ಅಯಸ್ಕಾಂತವಾಗಿ ಎದುರಿನ ತಗಡನ್ನು ಎಳೆಯುತ್ತದೆ. ತಗಡಿನ ತುದಿಯ ಪಾಯಿಂಟು ಕೆಳಗಿನ ಪಾಯಿಂಟಿಗೆ ಕೂಡಿದರೆ ಬ್ಯಾಟರಿಯಿಂದ ಹಾರ್ನಿಗೆ ನೇರವಾಗಿ ದೊಡ್ಡ ಕರೆಂಟು. ಹ್ಯಾಂಡಲಿನ ಬಟನ್ನಿಗೆ ಭಾರ ಬೀಳುವುದಿಲ್ಲ. ರಿಲೇ ಸತ್ತ ಮೇಲೆ ಯಾರೋ ಅದನ್ನು ತಪ್ಪಿಸಿ ಬಟನ್ನಿಗೇ ವಯರು ಕೊಟ್ಟಿದ್ದರು. ದಿನಕ್ಕೆ ನೂರಾರು ಸಲ ಒತ್ತುವ ಬಟನ್ನು ಎಷ್ಟು ದಿನ ತಾಳೀತು? ಸುಟ್ಟು ಕರಿಯಾಗಿತ್ತು.

ಆ ತುಕ್ಕಿನ ಉಂಡೆಯನ್ನು ನಾನು ತೆರೆದೂ ನೋಡದೆ ಗುಜರಿ ಡಬ್ಬಕ್ಕೆ ಎಸೆದೆ. ಹೊಸ ಬಟನ್ನು ಹಾಕಿ, ಡ್ರಾಯರಿನಿಂದ ಕಾರಿನ ರಿಲೇ ಒಂದನ್ನು ತೆಗೆದು ಕೂರಿಸಿದೆ. ಅದು ಹನ್ನೆರಡು ವೋಲ್ಟಿನದು. ಬೈಕು ಆರು ವೋಲ್ಟಿನದು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು, ಗೊತ್ತಿದ್ದೂ ಮಾಡಿದ್ದು. ಇಂಜಿನ್ ಚಾಲೂ ಮಾಡಿ ಎಕ್ಸಿಲೇಟರ್ ತಿರುವಿದರೆ ಬ್ಯಾಟರಿಯ ವೋಲ್ಟು ಏಳರ ಮೇಲೆ ಹೋಗುತ್ತಿತ್ತು, ಆಗ ರಿಲೇ ಟಕ್ ಎಂದು ಎಳೆಯುತ್ತಿತ್ತು. ಮೂರು ಸಲ ತಿರುವಿ ಮೂರು ಸಲ ಕೂಗಿಸಿ ತೋರಿಸಿದೆ. ನನ್ನ ಕೈಯಲ್ಲಿ ಆಗದ ಕೆಲಸ ಇಲ್ಲ ಎಂಬ ಜಂಬ ಆ ವಯಸ್ಸಿನಲ್ಲಿ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಮರುದಿನ ಮಧ್ಯಾಹ್ನವೇ ಬೈಕು ವಾಪಸು.

"ನಿಮ್ ಅಂಗ್ಡಿ ಎದ್ರ್ ಕೂಗ್ತ್, ಗಿರಾಕಿ ಮನಿ ಎದ್ರ್ ಕೂಗುದಿಲ್ಲೆ. ಇದಕ್ಕೆ ನಿಮ್ಮನ್ನ ಕಂಡ್ರೆ ಮರ್ಯಾದಿ ಇತ್ತ್, ನನ್ನ ಕಂಡ್ರೆ ಇಲ್ಲೆ," ಎಂದರು ಮೀನಿನಣ್ಣ.

"ಹಾರ್ನ್ ಹೊಡುವತ್ತಿಗೆ ಇಂಜಿನ್ ಚಾಲೂ ಇರತ್ತಲ್ದಾ ಅಣ್ಣಯ್ಯ?"

"ಎಂತಕ್ಕೆ ಇರ್ಕ್? ಇಳಿಜಾರಂಗೆ ಬಂದ್ ಮಾಡ್ತೆ, ಗೇಟಿನ್ ಹತ್ರ ಬಂದ್ ಮಾಡ್ತೆ. ಪೆಟ್ರೋಲ್ ಎಂತ ಬಂಗ್ಡಿ ಮೀನಿನ್ ಕಣಗೆ ಕಡ್ಲಂಗೆ ಸಿಕ್ಕತ್ತಾ?"

ನಾನು ಮೆಕ್ಯಾನಿಕ್ಕಿನ ಹಾಗೆ ಪರೀಕ್ಷೆ ಮಾಡಿದ್ದೆ. ಅವರು ಮೀನು ಮಾರುವವರ ಹಾಗೆ ಓಡಿಸುತ್ತಿದ್ದರು. ಇಂಜಿನ್ ಬಂದಾದ ಮೇಲೆ ಆ ಬ್ಯಾಟರಿಯಲ್ಲಿ ಆರು ವೋಲ್ಟು ಪೂರ್ತಿ ಇರುತ್ತಿರಲಿಲ್ಲ, ಹನ್ನೆರಡರ ರಿಲೇ ಅಲ್ಲಾಡುವುದು ಎಲ್ಲಿಂದ ಬಂತು?

ಸರಿ, ಆರು ವೋಲ್ಟಿನ ರಿಲೇ ಹುಡುಕಬೇಕು. ಬ್ರಹ್ಮಾವರದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿದೆ, ಇಲ್ಲ. ಕುಂದಾಪುರದಲ್ಲಿ ಎರಡು ಅಂಗಡಿ ಹತ್ತಿ ಇಳಿದೆ, ಇಲ್ಲ. ಶಿರೂರಿನ ಗುಜರಿಯಲ್ಲಿ ಅರ್ಧ ದಿನ ಬಗ್ಗಿ ಹುಡುಕಿ ಸೊಂಟ ನೋಯಿಸಿಕೊಂಡೆ. ಬರುವಾಗ ಬೈಂದೂರಿನಲ್ಲಿ ಇಳಿದು ಹಳೆಯ ಕಾಲದ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ.

"ಆರ್ ವೋಲ್ಟ್ ಸತ್ತ್ ಎಷ್ಟ್ ವರ್ಷ ಆಯ್ತ್ ಮಾರಾಯ್ರೇ. ಈಗ ಎಂತ, ತಿಥಿಗೆ ಬಂದ್ರ್ಯಾ?" ಎಂದು ಅವರು ನಕ್ಕರು. ಚಾ ಮಾತ್ರ ಕೊಡಿಸಿದರು.

ಬಸ್ಸಿನಲ್ಲಿ ಬರುವಾಗ ತಲೆಗೆ ಹೊಳೆಯಿತು. ಆಗ ನಮ್ಮಲ್ಲಿ ಕರೆಂಟು ಹೋಗದ ದಿನ ಇರಲಿಲ್ಲ. ಪ್ರತಿ ಮನೆಯಲ್ಲೂ ಒಂದು ಎಮರ್ಜೆನ್ಸಿ ಲೈಟು, ಅದರೊಳಗೆ ಆರು ವೋಲ್ಟಿನ ಬ್ಯಾಟರಿ, ಕರೆಂಟು ಹೋದ ಕೂಡಲೇ ಲೈಟು ಹೊತ್ತಿಸಲಿಕ್ಕೆ ಆರು ವೋಲ್ಟಿನದೇ ರಿಲೇ. ಬೆಂಕಿಪೊಟ್ಟಣದ ಅರ್ಧದಷ್ಟು ದೊಡ್ಡದು. ನನ್ನ ಮನೆಯ ಕೆಟ್ಟ ಲೈಟಿನಿಂದಲೇ ಕಿತ್ತೆ. ಮೈಮೇಲೆ ಏಳು ಆಂಪಿಯರ್ ಎಂದು ಬರೆದಿತ್ತು. ಹಾರ್ನು ಎಳೆಯುವುದು ಐದೋ ಆರೋ. ಸಾಕಲ್ಲ ಎಂದು ಹಾಕಿದೆ. ಇಂಜಿನ್ ಬಂದ್ ಮಾಡಿ ಪರೀಕ್ಷೆ ಮಾಡಿದೆ, ಈ ಸಲ ಕಲಿತಿದ್ದೆ. ಹಾರ್ನು ಚೆನ್ನಾಗಿ ಕೂಗಿತು. ಮೀನಿನಣ್ಣ ಸಂತೋಷಪಟ್ಟು ಒಂದು ಪೊಟ್ಟಣ ಬೈಗಿ ಮೀನು ಕೊಟ್ಟುಹೋದರು. ಸಾರು ಒಳ್ಳೆಯದಾಗಿತ್ತು.

ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ನಡೆದದ್ದನ್ನು ಅವರ ಬಾಯಿಂದಲೇ ಕೇಳಿದೆ, ಆಮೇಲೆ ನಾಲ್ಕು ದಿನ ಹಾರ್ನಿಲ್ಲದೆ ತಿರುಗಿ ಅವರು ಅಂಗಡಿಗೆ ಬಂದಾಗ.

ಲೈನಿನ ನಡುವೆ ಮೀನು ತಿನ್ನದವರ ಒಂದು ಕೇರಿ ಬರುತ್ತದೆ. ಹತ್ತೋ ಹನ್ನೆರಡೋ ಮನೆ. ಆ ಕೇರಿಯಲ್ಲಿ ಮೀನಿನಣ್ಣ ಒಂದು ದಿನವೂ ಹಾರ್ನು ಹೊಡೆದವರಲ್ಲ. ಯಾರೂ ಹೇಳಿದ್ದಲ್ಲ, ಅವರಷ್ಟಕ್ಕೆ ಇಟ್ಟುಕೊಂಡ ಮರ್ಯಾದೆ. ಕೇರಿಯ ಬಾಯಲ್ಲಿ ಇಂಜಿನ್ ಬಂದ್ ಮಾಡಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಉರುಳಿ, ಆಚೆಯ ಮೋರಿ ದಾಟಿದ ಮೇಲೆಯೇ ಮೊದಲ ಕೂಗು. ಅವತ್ತು ಕೇರಿಯ ನಡುವೆ ದನವೊಂದು ಅಡ್ಡ ಮಲಗಿತ್ತು. ಎಷ್ಟು ಹೇಳಿದರೂ ಏಳಲಿಲ್ಲ. ಮೀನಿನಣ್ಣ ಬಟನ್ನಿಗೆ ಒಂದು ಸಲ, ಒಂದೇ ಸಲ, ಬೆರಳು ತಾಗಿಸಿದರು.

ಹಾರ್ನು ನಿಲ್ಲಲಿಲ್ಲ.

ಬಟನ್ನು ಬಿಟ್ಟರೂ ಕೂಗು, ಕೀ ತೆಗೆದರೂ ಕೂಗು. ಕೀ ತೆಗೆದರೆ ನಿಲ್ಲಬೇಕಿತ್ತು, ಆದರೆ ವಯರು ಉಳಿಸಲಿಕ್ಕೆ ನಾನು ರಿಲೇಗೆ ಬ್ಯಾಟರಿಯಿಂದ ನೇರ ಕೊಟ್ಟಿದ್ದೆ. ಬ್ಯಾಟರಿಯ ವಯರು ಕಿತ್ತುಹಾಕೋಣ ಎಂದರೆ ಅದು ಸೀಟಿನ ಅಡಿಯಲ್ಲಿ, ಸೀಟಿನ ಮೇಲೆ ಮೀನಿನ ಪೆಟ್ಟಿಗೆ, ಪೆಟ್ಟಿಗೆಗೆ ದೋಣಿಯವರ ಗಂಟು. ಕೇರಿಯ ನಟ್ಟನಡುವೆ ಹಗ್ಗ ಬಿಚ್ಚಿ, ಪೆಟ್ಟಿಗೆ ಇಳಿಸಿ, ಒಂದು ಮನೆಯ ಗೇಟಿನ ಎದುರಿಗೇ ಇಟ್ಟು, ಸೀಟು ತೆಗೆಯಬೇಕಾಯಿತು. ಅಷ್ಟರಲ್ಲಿ ಕೇರಿಯ ಬೆಕ್ಕುಗಳೆಲ್ಲ ಪೆಟ್ಟಿಗೆಯ ಸುತ್ತ ಸಭೆ ಸೇರಿದ್ದವು. ಗೇಟಿನ ಮನೆಯ ಹಿರಿಯರು ಹೊರಗೆ ಬಂದರು. ಅವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು, ಆದರೆ ಊರಿಗೆಲ್ಲ ಡಾಕ್ಟ್ರೇ.

"ಎಂತದಾ ಇದ್? ಇವತ್ತಿಂದ ನಮ್ಗೂ ಮೀನಾ?" ಎಂದರಂತೆ ಡಾಕ್ಟ್ರು. ಅಷ್ಟರಲ್ಲಿ ಮೊಸರನ್ನ ತಿಂದು ಬೆಳೆದ ಅವರದೇ ಬೆಕ್ಕು ಸಭೆಯ ಮುಂದಿನ ಸಾಲಿನಲ್ಲಿ ಕಂಡಿತು.

ಇದನ್ನು ಹೇಳುವಾಗ ಮೀನಿನಣ್ಣನಿಗೂ ನಗು ತಡೆಯಲಿಲ್ಲ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಎನ್ನುವುದು ಅವತ್ತು ಅವರ ಪಾಲಿಗೆ ಅಕ್ಷರಶಃ ನಿಜವಾಗಿತ್ತು. ನಾನು ಆ ಪುಟ್ಟ ರಿಲೇಯನ್ನು ಒಡೆದು ನೋಡಿದೆ. ಎರಡು ಪಾಯಿಂಟುಗಳೂ ಬೆಸುಗೆ ಹಾಕಿದ ಹಾಗೆ ಅಂಟಿದ್ದವು. ಏಳು ಆಂಪಿಯರ್ ಎಂದು ಬರೆದದ್ದು ಮನೆಯ ಕರೆಂಟಿನ ಲೆಕ್ಕ. ಬ್ಯಾಟರಿಯ ಕರೆಂಟಿಗೆ, ಅದೂ ಪ್ರತಿ ಕೂಗಿಗೂ ಕಿಡಿ ಹಾರಿಸುವ ಹಾರ್ನಿಗೆ, ಆ ಲೆಕ್ಕ ನಡೆಯುವುದಿಲ್ಲ. ಓದಿದ್ದೆ, ಮರೆತಿದ್ದೆ.

"ಬೈಕೆಲ್ಲ ಹನ್ನೆರಡು ವೋಲ್ಟಿಗೆ ಬದಲಾಯಿಸುವ ಅಣ್ಣಯ್ಯ," ಎಂದೆ. "ಕಾಯಿಲು, ಬ್ಯಾಟರಿ, ಬಲ್ಬು, ಹಾರ್ನು, ಎಲ್ಲ ಹೊಸತು. ತಲೆನೋವೇ ಇಲ್ಲ."

"ಹಾರ್ನ್ ಮುಟ್ಟುಕಾಗ," ಎಂದರು ಮೀನಿನಣ್ಣ. "ಹೊಸ ಹಾರ್ನ್ ಕೂಗಿರೆ ಅವ್ನೇ ಬಂದ ಅಂತ್ ಮಾಡ್ತ್ರ್. ನನ್ನ ಮುಖ ಕಾಣ್ದಿರೂ ಹಾರ್ನಿನ್ ಸ್ವರ ಅವ್ರಿಗೆ ಗೊತ್ತ್." ಆಮೇಲೆ ಪೆಟ್ಟಿಗೆಯ ಹಗ್ಗ ಬಿಗಿಯುತ್ತ ಹೇಳಿದರು, "ಈಗ ಪೆಟ್ಗಿ ಅರ್ಧ ತುಂಬ್ಸುಕೂ ಹೆದ್ರಿಕಿ ಆತ್ತ್. ಉಳ್ದದ್ದ್ ಚೆಲ್ಲುದ್. ಇನ್ನೊಂದ್ ವಾರ ಕಾಂತೆ. ಆತ್ತಿಲ್ಲೆ ಅಂದ್ರೆ ಬೈಕ್ ಕೊಟ್ಟ್ ದಕ್ಕೆಯಂಗೆ ಮೀನ್ ಹೊರುಕೆ ಹೋಪುದೇ."

ಆ ಭುಜ ಇಟ್ಟುಕೊಂಡು ಬುಟ್ಟಿ ಹೊರುವುದು ಎಂದರೆ! ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಎರಡು ಸಲ ಅಂಗಡಿಯಲ್ಲಿ ಕೂತು ರಿಲೇ ಆರಿಸಿದೆ, ಎರಡು ಸಲವೂ ರಸ್ತೆ ನನ್ನನ್ನು ಫೇಲು ಮಾಡಿತು. ಮರುದಿನ ಅಂಗಡಿ ಬಾಗಿಲು ಹಾಕಿ ಅವರ ಹಿಂದೆ ಹೋಗುವುದು ಎಂದು ತೀರ್ಮಾನ ಮಾಡಿದೆ. ಅವರಿಗೂ ನನ್ನಿಂದ ಒಂದು ಕೆಲಸ ಆಗಬೇಕಿತ್ತು.

"ಬನ್ನಿ ಬನ್ನಿ," ಎಂದರು. "ಡಾಕ್ಟ್ರ್ ಬೈದದ್ದ್ ನಂಗಲ್ಲ, ವಯರ್ ಕೊಟ್ಟವ್ನಿಗೆ. ನಿಮ್ ಪಾಲ್ ನೀವೇ ತಕಣಿ."

ಬೆಳಿಗ್ಗೆ ನನ್ನ ಸ್ಕೂಟರಿನಲ್ಲಿ ಅವರ ಹಿಂದೆ ಹೊರಟೆ. ಹಾರ್ನಿಲ್ಲದ ಕಾರಣ ಅವರು ಪ್ರತಿ ಗೇಟಿನಲ್ಲೂ ಇಳಿದು ಕೂಗಬೇಕಾಗಿತ್ತು. ನಾಲ್ಕು ಮನೆಗೆ ಒಂದು ಮನೆಯವರು ಹೊರಗೆ ಬಂದರೆ ಹೆಚ್ಚು. ಹಿಂದಿನಿಂದ ಹೋಗುವವನಿಗೆ ಮಾತ್ರ ಕಾಣುವ ಸಂಗತಿಯೊಂದು ಅವತ್ತು ನನಗೆ ಕಂಡಿತು. ಐಸು ಕರಗಿದ ಉಪ್ಪುನೀರು ಪೆಟ್ಟಿಗೆಯ ಮೂಲೆಯಿಂದ ಸೀಟಿನ ಒಳಗೆ ತೊಟತೊಟ ಇಳಿಯುತ್ತಿತ್ತು, ನಾನು ಎರಡು ಸಲ ರಿಲೇ ಕೂರಿಸಿದ ಅದೇ ಜಾಗಕ್ಕೆ. ಪಾಯಿಂಟು ಅಂಟದಿದ್ದರೂ ನನ್ನ ರಿಲೇ ಮಳೆಗಾಲ ಕಾಣುತ್ತಿರಲಿಲ್ಲ. ಒಂದು ಬಿಲ್ಲಿನ ಹಿಂದೆ ಬರೆದುಕೊಂಡೆ: ಐದು ವೋಲ್ಟಿಗೂ ಎಳೆಯಬೇಕು, ಪಾಯಿಂಟು ದಪ್ಪ ಇರಬೇಕು, ಸೀಟಿನ ಅಡಿಗೆ ಬೇಡ, ಕೀ ತೆಗೆದರೆ ಸಾಯಬೇಕು.

ಕೇರಿಯಲ್ಲಿ ಡಾಕ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಮೀನಿನಣ್ಣ ಬೈಕನ್ನು ಮೋರಿಯ ಆಚೆ ಬಿಟ್ಟು ನಡೆದು ಬಂದರು. ನಾನು ಕೈಮುಗಿದು, ತಪ್ಪು ನನ್ನದು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಡಾಕ್ಟ್ರು ಕನ್ನಡಕ ಮೇಲೆ ಸರಿಸಿ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟ್ ವೋಲ್ಟಿನ್ ಗಾಡಿ?"

"ಆರು," ಎಂದೆ.

"ನಂದೂ ಆರೇ ಇದ್ದಿತ್. ಇಪ್ಪತ್ತ್ ವರ್ಷ ದನಕ್ಕೆ ಇಂಜೆಕ್ಷನ್ ಕೊಡುಕೆ ಅದ್ರಂಗೇ ತಿರ್ಗಿದ್ದ್. ಗಾಡಿ ಕೊಟ್ಟಾಯ್ತ್, ಸಾಮಾನ್ ಕೆಲವ್ ಅಟ್ಟದ ಮೇಲಿತ್ತ್. ಕೂಕಣಿ."

ಹತ್ತು ನಿಮಿಷ ಬಿಟ್ಟು ಜೇಡರ ಬಲೆ ತಲೆಗೆ ಅಂಟಿಸಿಕೊಂಡು ಇಳಿದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕಪ್ಪು ಮುಚ್ಚಳದ ಪೆಟ್ಟಿಗೆ. ಹಳೆಯ ಡೈನಮೋ ಗಾಡಿಗಳ ಕಟ್‌ಔಟ್. ಡೈನಮೋದಿಂದ ಕರೆಂಟು ಬರುವಾಗ ಬ್ಯಾಟರಿಗೆ ಸೇರಿಸುವುದು, ನಿಂತಾಗ ಬಿಡಿಸುವುದು ಅದರ ಕೆಲಸ. ಮುಚ್ಚಳ ತೆಗೆದೆ. ಒಳಗೆ ಕಾಯಿಲು, ಮೇಲೆ ತಗಡು, ತಗಡಿನ ತುದಿಯಲ್ಲಿ ತೊಗರಿಕಾಳಿನಷ್ಟು ದಪ್ಪದ ಪಾಯಿಂಟು. ಹೆಸರು ಕಟ್‌ಔಟ್, ಸ್ವಭಾವ ರಿಲೇ. ಅದೂ ಆರು ವೋಲ್ಟಿನದು.

ಸಂತೋಷವಾಯಿತು, ಅದರ ಜೊತೆ ಒಂದು ಸಂಶಯವೂ. ಕೆಳಗಿನ ತಗಡಿನ ಆಕಾರ, ಮೂರು ತೂತುಗಳು, ಇವನ್ನು ನಾನು ಮೊದಲೇ ಎಲ್ಲೋ ನೋಡಿದ್ದೆ. ಮಧ್ಯಾಹ್ನ ಅಂಗಡಿಗೆ ಬಂದವನೇ ಗುಜರಿ ಡಬ್ಬ ಮಗುಚಿ ಆ ತುಕ್ಕಿನ ಉಂಡೆ ಹುಡುಕಿ ಸುತ್ತಿಗೆಯಲ್ಲಿ ಒಡೆದೆ. ಅದೂ ಕಟ್‌ಔಟೇ. ನನಗಿಂತ ಮೊದಲಿನ ಯಾರೋ ಪುಣ್ಯಾತ್ಮ ಇದೇ ಉಪಾಯ ಮಾಡಿಟ್ಟಿದ್ದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ನಾನು ಶಿರೂರಿನವರೆಗೆ ಹುಡುಕಿಕೊಂಡು ಹೋಗಿದ್ದೆ.

ಈ ಕಟ್‌ಔಟಿನ ಒಂದು ದೊಡ್ಡ ಗುಣ ಎಂದರೆ ಅದನ್ನು ಪಳಗಿಸಬಹುದು. ಈಗಿನ ರಿಲೇಗಳಿಗೆ ಡಬ್ಬಿ ಮುಚ್ಚಿ ಬರುತ್ತದೆ, ಹೇಳಿದ್ದು ಕೇಳುವುದಿಲ್ಲ. ಇದರಲ್ಲಿ ತಗಡನ್ನು ಹಿಂದಕ್ಕೆ ಎಳೆಯುವ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅದನ್ನು ಇಕ್ಕಳದಲ್ಲಿ ಸ್ವಲ್ಪ ಬಗ್ಗಿಸಿದರೆ ಎಷ್ಟು ವೋಲ್ಟಿಗೆ ಎಳೆಯಬೇಕು ಎಂದು ನಾವೇ ನಿಶ್ಚಯಿಸಬಹುದು. ದಪ್ಪ ತಂತಿಯ ಸುತ್ತನ್ನು ಬಿಟ್ಟು ಸಣ್ಣ ತಂತಿಯದಕ್ಕೆ ಮಾತ್ರ ವಯರು ಕೊಟ್ಟೆ. ಮೂರು ಟಾರ್ಚ್ ಸೆಲ್ಲು ಸೇರಿಸಿದರೆ ನಾಲ್ಕೂವರೆ ವೋಲ್ಟು. ಅಷ್ಟಕ್ಕೆ ಎಳೆದರೆ ಎಂಥ ಸುಸ್ತಾದ ಬ್ಯಾಟರಿಗೂ ಎಳೆಯುತ್ತದೆ. ಪಟ್ಟಿ ಬಿಗಿಯಾದರೆ ಸೆಲ್ಲಿಗೆ ತಗಡು ಅಲ್ಲಾಡುವುದಿಲ್ಲ. ಸಡಿಲವಾದರೆ ಹೊಂಡದಲ್ಲಿ ಕುಲುಕಿದಾಗ ತಾನಾಗಿಯೇ ಕೂಡಿ, ಮತ್ತೆ ಕೇರಿಯಲ್ಲಿ ಕಛೇರಿ. ಒಂದು ಕೂದಲು ಆಚೆ, ಒಂದು ಕೂದಲು ಈಚೆ ಎಂದು ಸಂಜೆಯವರೆಗೆ ಅದೇ ಆಯಿತು. ಕೊನೆಗೊಮ್ಮೆ ಮೂರು ಸೆಲ್ಲಿಗೆ ಟಕ್ ಎಂದಿತು. ಮೇಜಿನ ಮೇಲೆ ಗುದ್ದಿ ಕುಲುಕಿದರೂ ಸುಮ್ಮನಿತ್ತು. ನಾನೊಬ್ಬನೇ ಕೂತು ನಕ್ಕೆ.

ಪಾಯಿಂಟುಗಳನ್ನು ನಯವಾದ ಮರಳು ಕಾಗದದಲ್ಲಿ ತಿಕ್ಕಿ, ಕಿಡಿ ಕಡಿಮೆಯಾಗಲಿ ಎಂದು ಹಳೆಯ ಇಂಜಿನ್ನಿನ ಕಂಡೆನ್ಸರ್ ಒಂದನ್ನು ಅಡ್ಡ ಕಟ್ಟಿದೆ. ಸೀಟಿನ ಅಡಿ ಬಿಟ್ಟು, ಮುಂದೆ ಟ್ಯಾಂಕಿನ ಕೆಳಗೆ, ಸೈಕಲ್ ಟ್ಯೂಬಿನ ತುಂಡಿನ ಮೇಲೆ ಕೂರಿಸಿ, ವಯರಿನ ತುದಿಗಳೆಲ್ಲ ಕೆಳಮುಖವಾಗಿರುವಂತೆ ತಿರುಗಿಸಿ ಗ್ರೀಸು ಮೆತ್ತಿದೆ. ಕರೆಂಟು ಈ ಸಲ ಕೀ ದಾಟಿಯೇ ಬಂತು.

ಡಾಕ್ಟ್ರು ಸಾಮಾನು ಕೊಡುವಾಗ ಒಂದು ಷರತ್ತು ಹಾಕಿದ್ದರು. "ಕೇರ್ಯಂಗೆ ಕೂಗುಕಾಗ. ಮೋರಿ ದಾಟಿ ಹೊಡಿ. ಆರೆ ಜೋರಾಯಿ ಹೊಡಿ, ನಂಗ್ ಇಲ್ಲಿಗ್ ಕೇಣ್ಕ್. ನನ್ ಗಾಡಿದ್ ಸಾಮಾನ್ ಅದ್."

ಮರುದಿನ ಮತ್ತೆ ಅಂಗಡಿಗೆ ಬಾಗಿಲು ಹಾಕಿ ಹಿಂದೆ ಹೋದೆ. ಮೀನಿನಣ್ಣ ಆ ದಿನ ಪೆಟ್ಟಿಗೆ ಪೂರ್ತಿ ತುಂಬಿಸಿದ್ದರು, ಎಲ್ಲ ಬಂಗ್ಡಿ. ಹಾರ್ನು ಕೈಕೊಟ್ಟರೆ ಅಷ್ಟೂ ಹೊಂಡಕ್ಕೆ. ನನಗೆ ಬೆಳಗಿನ ಚಾ ಕೂಡ ಸೇರಿರಲಿಲ್ಲ. ಕೇರಿಯ ಬಾಯಲ್ಲಿ ಇಂಜಿನ್ ಬಂದ್ ಮಾಡಿದರು. ನಾನೂ ಮಾಡಿದೆ. ಎರಡು ಗಾಡಿ ಸದ್ದಿಲ್ಲದೆ ಉರುಳಿದವು. ಜಗಲಿಯಲ್ಲಿ ಡಾಕ್ಟ್ರು ಪೇಪರ್ ಹಿಡಿದು ಕೂತಿದ್ದರು, ನಮ್ಮನ್ನು ನೋಡಲೇ ಇಲ್ಲ ಎಂಬಂತೆ. ಅವರ ಬೆಕ್ಕು ಮಾತ್ರ ಆಗಲೇ ಮೋರಿಯ ಮೇಲೆ ಹೋಗಿ ಕೂತಿತ್ತು.

ಮೋರಿ ದಾಟಿತು. ಮೀನಿನಣ್ಣ ಬೈಕು ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುವಿ ಒತ್ತಿದರು. ಎರಡು ಗಿಡ್ಡ, ಒಂದು ಉದ್ದ.

ಗದ್ದೆಯ ಆಚೆಯವರೆಗೂ ಹೋಯಿತು ಆ ಸ್ವರ. ಹಳೆಯ ಹಾರ್ನಿಗೆ ಅಂಥ ಗಂಟಲು ಇದೆ ಎಂದು ನನಗೂ ಗೊತ್ತಿರಲಿಲ್ಲ. ಮೊದಲ ಮನೆಯಿಂದ ಯಾರೂ ಬರಲಿಲ್ಲ. ಎರಡನೆಯ ಮನೆಯಿಂದಲೂ ಇಲ್ಲ. ಹೊಸಬ ಅರ್ಧ ಗಂಟೆ ಮೊದಲೇ ಹೋಗಿಯಾಗಿದೆ ಎಂದು ನನಗೆ ನೆನಪಾಯಿತು. ಅಷ್ಟರಲ್ಲಿ ಮೊದಲ ಮನೆಯ ಹಿಂದಿನಿಂದ ಹೆಂಗಸೊಬ್ಬರು ಮಸಾಲೆಯ ಕೈಯಲ್ಲೇ ಪಾತ್ರೆ ಹಿಡಿದು ಓಡಿಬಂದರು.

"ಹ್ವಾಯ್ ಮೀನಿನಣ್ಣ, ನಿಲ್ಲಿ ಮಾರಾಯ್ರೇ," ಎಂದರು ಏದುಸಿರು ಬಿಡುತ್ತ. "ಎಲ್ ಸತ್ತಿದ್ರಿ ಇಷ್ಟ್ ದಿನ? ಆ ಹೊಸಬ ಮೀನ್ ಕೊಡ್ತ, ಮಾತೇ ಆಡುದಿಲ್ಲೆ."

"ನಾ ದಿನಾ ಬತ್ತಿದ್ದೆ ಅಕ್ಕ," ಎಂದರು ಮೀನಿನಣ್ಣ. "ನನ್ ಸ್ವರ ಮಾತ್ರ ಬತ್ತಿರ್ಲಿಲ್ಲ." ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನೋಡಿಲ್ಲ ಎಂಬಂತೆ ಸ್ಕೂಟರಿನ ಪ್ಲಗ್ಗು ಪರೀಕ್ಷೆ ಮಾಡಿದೆ. ತಲೆ ಎತ್ತುವಾಗ ಬೈಕಿನ ಸುತ್ತ ಐದು ಪಾತ್ರೆಗಳಿದ್ದವು.

ಹನ್ನೊಂದು ಗಂಟೆಗೆ ಪೆಟ್ಟಿಗೆಯಲ್ಲಿ ಉಳಿದದ್ದು ಐಸು ಮಾತ್ರ. ವಾಪಸು ಬರುವಾಗ ಡಾಕ್ಟ್ರಿಗೆ ಒಂದು ಮಾತು ಹೇಳಿ ಹೋಗೋಣ ಎಂದು ಮೀನಿನಣ್ಣ ಖಾಲಿ ಬೈಕನ್ನು ತಳ್ಳಿಕೊಂಡೇ ಕೇರಿಗೆ ಬಂದರು. ಡಾಕ್ಟ್ರು ಗೇಟಿನಲ್ಲೇ ನಿಂತಿದ್ದರು. ನಾವು ಬಾಯಿ ತೆರೆಯುವ ಮೊದಲೇ ಹೇಳಿದರು:

"ಇಲ್ಲಿಗೇ ಕೇಂತ್. ಮೂರ್ನೇದ್ ಸ್ವಲ್ಪ ಗಿಡ್ಡ ಆಯ್ತ್. ನಾಳೆ ಉದ್ದ ಹೊಡಿ."

ಮರುದಿನದಿಂದ ಮೀನಿನಣ್ಣ ಉದ್ದ ಹೊಡೆದರು.